ಕೆರೆ ಏರಿಯ ನಿಷಿಧಿಗಲ್ಲು

ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಿರುಸಂಶೋಧನೆಗೆಂದು ಬರೆದು ತಂದ ಮೊದಲ ಕರಡಿನ ಶೀರ್ಷಿಕೆ ‘ಕರ್ನಾಟಕದಲ್ಲಿ ಸಾರ್ವಜನಿಕ ಕಲೆಯ ಸಂರಕ್ಷಣೆ’. ವಿಂಧ್ಯಗಿರಿಯ ಗೊಮ್ಮಟನಿಂದ ನಗರದ ವೃತ್ತಗಳಲ್ಲಿನ ಪ್ರತಿಮೆಗಳವರೆಗೆ ಎಲ್ಲವೂ ಅದರಲ್ಲಿದ್ದವು. ಅವಧಿ ಮಾತ್ರ ನಾಲ್ಕು ತಿಂಗಳು. ಮಾರ್ಗದರ್ಶಕರು ಹಾಳೆಯನ್ನು ಮಡಿಸಿಟ್ಟು, “ನಿನ್ನ ಊರಿನಲ್ಲಿ ಯಾವ ಕಲ್ಲಿದೆಯಮ್ಮ?” ಎಂದಷ್ಟೇ ಕೇಳಿದರು.

ಇತ್ತು. ಕೆರೆ ಏರಿಯ ಅರಳಿಮರದ ಬುಡದಲ್ಲಿ ಸೊಂಟದೆತ್ತರದ ನಿಷಿಧಿಗಲ್ಲು. ಮೇಲಿನ ಪಟ್ಟಿಕೆಯಲ್ಲಿ ಪದ್ಮಾಸನದ ಜಿನಬಿಂಬ, ಇಕ್ಕೆಲಗಳಲ್ಲಿ ಚಾಮರಧಾರಿಗಳು. ಕೆಳಗೆ ವ್ಯಾಸಪೀಠದ ಒಂದು ಬದಿಗೆ ಗುರು, ಎದುರಿಗೆ ಕೈಮುಗಿದು ಕುಳಿತ ಸ್ತ್ರೀ. ಸಲ್ಲೇಖನ ವ್ರತ ಹಿಡಿದು ಸಮಾಧಿಮರಣ ಪಡೆದವಳ ಸ್ಮಾರಕವದು. ನಡುವಣ ನಾಲ್ಕು ಸಾಲಿನ ಬರಹ ಎಣ್ಣೆಯ ಜಿಡ್ಡಿನಲ್ಲಿ ಮುಚ್ಚಿಹೋಗಿತ್ತು. ಊರವರಿಗೆ ಅದು ‘ಅಮ್ಮನ ಕಲ್ಲು’. ಮಂಗಳವಾರ ಅರಿಸಿನ, ಕುಂಕುಮ, ಎಡೆ. ಜಾತ್ರೆಗೆ ಮುನ್ನ ಅಂಗಡಿಯಿಂದ ತಂದ ಬಣ್ಣ.

ಎರಡನೆಯ ಕರಡಿನಲ್ಲಿ ಅವಳು ಹಾನಿಯ ಮೊದಲ ಕಾರಣವಾಗಿ ‘ಗ್ರಾಮಸ್ಥರ ಅಜ್ಞಾನ’ ಎಂದು ಬರೆದಳು. ಮಾರ್ಗದರ್ಶಕರು ಆ ಪದದ ಕೆಳಗೆ ಗೆರೆ ಎಳೆದರು. ಅದೇ ಏರಿಯ ಮೇಲಿದ್ದ ಎರಡು ವೀರಗಲ್ಲುಗಳು ತೂಬಿನ ದುರಸ್ತಿಯ ಕಾಲದಲ್ಲಿ ಗೋಡೆಯ ಕಲ್ಲುಗಳಾಗಿದ್ದುದನ್ನು ಅವಳೇ ಹಿಂದಿನ ಪುಟದಲ್ಲಿ ದಾಖಲಿಸಿದ್ದಳು. ಎಣ್ಣೆ ಸವರಿಸಿಕೊಂಡ ಕಲ್ಲು ಉಳಿದಿತ್ತು. ಯಾರೂ ಮುಟ್ಟದ ಕಲ್ಲುಗಳು ಹೋಗಿದ್ದವು.

ಹಾಗೆಂದು ಪೂಜೆಯೇ ಸಂರಕ್ಷಣೆ ಎನ್ನುವುದೂ ಸುಲಭದ ಮಾತು. ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ಬಣ್ಣದ ಪದರ ಕಲ್ಲಿನೊಳಗಿನ ತೇವವನ್ನು ಹೊರಬಿಡದು. ಬುಡಕ್ಕೆ ಮೆತ್ತಿದ ಸಿಮೆಂಟಿನಿಂದ ಲವಣ ಮೇಲೇರಿ ಹರಳುಗಟ್ಟಿದರೆ ಮೈ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮೆತುವಾದ ಬಳಪದ ಕಲ್ಲು ಒರಟು ಕೈಯನ್ನು ಇನ್ನೂ ಕಡಿಮೆ ತಾಳುತ್ತದೆ. ಭಕ್ತಿಯಿಂದ ಆಮ್ಲ ಸುರಿದು ತಂತಿಬ್ರಷ್ಷಿನಿಂದ ಉಜ್ಜುವವರು ಹವಾಮಾನಕ್ಕಿಂತ ವೇಗವಾಗಿ ಅಕ್ಷರ ಅಳಿಸಬಲ್ಲರು. ವಿದ್ವಾಂಸರೂ ಈ ದೋಷದಿಂದ ಪೂರ್ತಿ ಹೊರತಲ್ಲ. ಅಕ್ಷರ ಕಾಣಲೆಂದು ಸುಣ್ಣದ ಪುಡಿ ತಿಕ್ಕಿದ ಕೈಗಳೂ ಇವೆ.

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ 500. ಆ ಶ್ರಮವಿಲ್ಲದಿದ್ದರೆ ಇಂದಿನ ಸಂಶೋಧಕರಿಗೆ ನಿಲ್ಲಲು ನೆಲವಿರುತ್ತಿರಲಿಲ್ಲ. ಆದರೆ ಪಾಠವನ್ನು ಬರೆದುಕೊಂಡ ಮೇಲೆ ಕಲ್ಲಿನ ಗತಿಯನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ನೂರು ವರ್ಷ ಮೀರಿದ ಶಿಲ್ಪ 1972ರ ಕಾಯಿದೆಯ ಅರ್ಥದಲ್ಲಿ ಪುರಾವಸ್ತುವೇ. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲದ ಏರಿಯ ಕಲ್ಲಿಗೆ ಮಾತ್ರ ಕಾವಲುಗಾರನಿಲ್ಲ.

ಹೀಗಾಗಿ ಯೋಜನೆ ಚಿಕ್ಕದಾಯಿತು. ಒಂದೇ ಕಲ್ಲು. ಅಚ್ಚು ತೆಗೆಯುವಂತಿಲ್ಲ, ಒರೆಸುವಂತಿಲ್ಲ. ಜಿಡ್ಡು ಬಿಡಿಸುವುದು ತರಬೇತಾದ ಸಂರಕ್ಷಕರ ಕೆಲಸ. ರಾತ್ರಿ ಹೊತ್ತು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಚಿತ್ರ ತೆಗೆಯಬೇಕು; ಮಳೆನೀರು ಎಲ್ಲಿ ನಿಲ್ಲುತ್ತದೆಂದು ಗುರುತಿಸಬೇಕು; ಎಲ್ಲಕ್ಕಿಂತ ಮೊದಲು ಪೂಜೆ ಮಾಡುವ ಅಜ್ಜಿಯೊಡನೆ ಮಾತಾಡಬೇಕು. ಜಾತ್ರೆ ಹತ್ತಿರವಾಗಿತ್ತು. ಈ ಸಲ ಬಣ್ಣದ ಜೊತೆಗೆ ಸಿಮೆಂಟಿನ ಗುಡಿಯನ್ನೂ ಕಟ್ಟಿಸುವ ಮಾತು ಊರಲ್ಲಿತ್ತು.

ಮಂಗಳವಾರ ಬೆಳಗ್ಗೆ ಅವಳು ಏರಿಯ ಮೇಲೆ ಕುಳಿತು, ಕಲ್ಲಿನಲ್ಲಿರುವವಳು ಯಾರು, ಏಕೆ ಕೈಮುಗಿದಿದ್ದಾಳೆ, ಅನ್ನನೀರು ಕ್ರಮವಾಗಿ ಬಿಟ್ಟು ಹೇಗೆ ದೇಹ ತೊರೆದಳು ಎಂಬುದನ್ನು ಹೇಳಿದಳು. ಅಜ್ಜಿ ಕೈಯಲ್ಲಿದ್ದ ಎಡೆಯ ಎಲೆಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು.

“ಅನ್ನ ಬಿಟ್ಟ ತಾಯಿಗೆ ನಾವು ಇಷ್ಟು ವರ್ಷ ಎಡೆ ಇಡ್ತಾ ಬಂದ್ವಾ ಮಗಾ?”

ವಿದ್ಯಾರ್ಥಿನಿಯ ಬಳಿ ಉತ್ತರವಿರಲಿಲ್ಲ. ಅಜ್ಜಿ ಎಲೆಯನ್ನು ಎಂದಿನ ಜಾಗದಲ್ಲೇ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, “ಹೆಸರೇನಂತೆ ಆಕೇದು?” ಎಂದಳು.

“ಅದು ಎಣ್ಣೆಯ ಕೆಳಗಿದೆ ಅಜ್ಜಿ. ಇನ್ನೂ ಓದಕ್ಕಾಗಿಲ್ಲ.”

“ಹಂಗಾದ್ರೆ ಈ ವರ್ಷ ಬಣ್ಣ ಬ್ಯಾಡ ಅಂತ ನಾನೇ ಹೇಳ್ತೀನಿ. ಓದಿ ಹೇಳು.”