ಲೇಬಲಿನ ಮೇಲಿನ ಹೆಸರು

ಸಹೋದರಿಯರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಹಾಡಿನ ಪ್ಲೇಟುಗಳೇನಾದರೂ ಉಳಿದಿವೆಯೇ? ಉಳಿದಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ದಯವಿಟ್ಟು ಈ ಬರಹವನ್ನು ಓದಿ.

ನಾನು ಹಗಲು ಶಾಲೆಯಲ್ಲಿ ಪಾಠ ಮಾಡುವವಳು, ಸಂಜೆ ಮದ್ರಸದಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವವಳು. ರಜೆ ಸಿಕ್ಕಿದರೆ ಬಂದರಿನ ಹಳೆ ಸಾಮಾನಿನ ಅಂಗಡಿಗಳಿಗೆ ಹೋಗುತ್ತೇನೆ. ಮಂಗಳೂರಿನಲ್ಲಿ ಹಂಚಿನ ಮನೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುವ ಕೆಲಸ ನಿಂತದ್ದೇ ಇಲ್ಲ. ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ತಾಮ್ರದ ಹಂಡೆಗೆ, ತೇಗದ ಬಾಗಿಲಿಗೆ ಗಿರಾಕಿಗಳಿದ್ದಾರೆ. ಪ್ಲೇಟುಗಳನ್ನು ಮಾತ್ರ ಕೇಳುವವರಿಲ್ಲ. ಹಾಗಾಗಿ ನನ್ನಂಥ ಸಂಬಳದವಳ ಕೈಗೂ ಅವು ಎಟುಕುತ್ತವೆ. ಈಗ ಇನ್ನೂರರ ಹತ್ತಿರ ಆಗಿವೆ. ಮನೆಯವರು ಮೊದಮೊದಲು ನಗುತ್ತಿದ್ದರು. ಈಗ ಕಪಾಟಿನಲ್ಲಿ ಜಾಗ ಸಾಲದೆಂದು ಗೊಣಗುತ್ತಾರೆ, ಅಷ್ಟೇ.

ಪ್ಲೇಟು ನೋಡಿರದ ಎಳೆಯರಿಗಾಗಿ ಎರಡು ಮಾತು. ದೊಡ್ಡದು ಹತ್ತು ಇಂಚಿನದು, ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಇದನ್ನು ಮಾಡುತ್ತಿದ್ದದ್ದು ಅರಗಿನಿಂದ, ಅಂಚೆ ಕಚೇರಿಯಲ್ಲಿ ಮೊಹರು ಒತ್ತುವ ಅದೇ ಅರಗು. ಕೈಜಾರಿದರೆ ಹಂಚಿನಂತೆ ಒಡೆದು ಹೋಗುತ್ತದೆ. ಚಿಕ್ಕದು ಏಳು ಇಂಚಿನದು, 45 ಸುತ್ತಿನದು. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪೆನಿ ಇದನ್ನು ಹೊರತಂದಿತು. ಇದು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು, ಬಿದ್ದರೂ ಒಡೆಯುವುದಿಲ್ಲ. ಮಗ್ಗುಲಿಗೊಂದೇ ಹಾಡು ಇರುವುದಕ್ಕೆ ಸಿಂಗಲ್ ಎನ್ನುತ್ತಾರೆ. ದೊಡ್ಡದಕ್ಕೆ ದಪ್ಪ ಮುಳ್ಳು ಬೇಕು, ಚಿಕ್ಕದಕ್ಕೆ ಸಪೂರದ್ದು. ಒಂದರ ಮುಳ್ಳಿನಿಂದ ಇನ್ನೊಂದನ್ನು ಹಾಡಿಸಿದರೆ ಗೀರು ಹಾಳಾಗುತ್ತದೆ.

ನಮ್ಮ ಮಳೆಗಾಲ ಇವಕ್ಕೆ ದೊಡ್ಡ ಶತ್ರು. ಜೂನ್ ಕಳೆಯುವಷ್ಟರಲ್ಲಿ ರಟ್ಟಿನ ಹೊದಿಕೆಗೆ ಬೂಷ್ಟು ಹಿಡಿದು ಅದು ಪ್ಲೇಟಿಗೂ ದಾಟುತ್ತದೆ. ತಣ್ಣೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬಟ್ಟೆಯಿಂದ ಗೀರಿನ ದಿಕ್ಕಿನಲ್ಲೇ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಲೇಬಲಿಗೆ ನೀರು ತಾಗಬಾರದು. ಅರಗಿನ ಪ್ಲೇಟಿಗೆ ಸ್ಪಿರಿಟ್ ಹಚ್ಚಲೇಬಾರದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ.

ಈ ಗೀಳು ನನಗೆ ಬಂದದ್ದು ಉಮ್ಮನ ಅಣ್ಣನಿಂದ. ಸೋದರಮಾವ ಹಡಗಿನಲ್ಲಿ ಅಡುಗೆಯವರಾಗಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಎಲ್ಲರಿಗೂ ಸೀರೆ, ಅತ್ತರು, ತನಗೆ ಪ್ಲೇಟುಗಳು. ಅವರು ತೀರಿಕೊಂಡ ಮೇಲೆ ಟ್ರಂಕನ್ನು ಯಾರೂ ಕೇಳಲಿಲ್ಲ, ನಾನು ತಂದೆ. ಕವ್ವಾಲಿಗಳಿದ್ದವು, ಮಾಪಿಳ್ಳೆ ಹಾಡುಗಳಿದ್ದವು. ಅಡಿಯಲ್ಲಿ ಬನಿಯನ್ ಬಟ್ಟೆಯಲ್ಲಿ ಸುತ್ತಿದ ಹನ್ನೊಂದು ಅಮೆರಿಕನ್ ಸಿಂಗಲ್‌ಗಳಿದ್ದವು. ಅವುಗಳ ನಡುವಿನ ತೂತು ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ನಮ್ಮ ಯಂತ್ರದ ಕಡ್ಡಿಗೆ ನಿಲ್ಲುವುದಿಲ್ಲ. ಅದಕ್ಕೆಂದೇ ಮಾವ ಹಲಸಿನ ಮರದಲ್ಲಿ ಒಂದು ಬಿಲ್ಲೆ ಕೆತ್ತಿಸಿಟ್ಟಿದ್ದರು. ಆ ಬಿಲ್ಲೆ ಈಗಲೂ ನನ್ನ ಬಳಿ ಇದೆ, ಒಂದು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ.

ಇಲ್ಲಿ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಮದ್ರಸದಲ್ಲಿ ಓದಿದವಳು ಇದನ್ನೆಲ್ಲ ಕೇಳಬಹುದೇ? ನನ್ನ ವಿದ್ಯಾರ್ಥಿನಿಯೊಬ್ಬಳ ಉಮ್ಮ ನೇರವಾಗಿಯೇ ಕೇಳಿದ್ದರು. ಫತ್ವಾ ಕೊಡುವ ಅರ್ಹತೆ ನನ್ನದಲ್ಲ. ಉಲಮಾಗಳಲ್ಲಿ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಬಹಳಷ್ಟು ವಿದ್ವಾಂಸರು ವಾದ್ಯಗಳನ್ನು ನಿಷಿದ್ಧವೆಂದಿದ್ದಾರೆ. ಇಬ್ನ್ ಹಝ್ಮ್ ಹಾಗೆ ಹೇಳಲಿಲ್ಲ. ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ'ದಲ್ಲಿ ಹಾಡು ಆಲಿಸುವುದರ ಬಗ್ಗೆಯೇ ಒಂದು ದೀರ್ಘ ಭಾಗ ಬರೆದಿದ್ದಾರೆ. ಹಬ್ಬದ ದಿನ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಬಾಲಕಿಯರು ಹಾಡುತ್ತಿದ್ದಾಗ ಅಬೂಬಕರ್(ರ) ಗದರಿಸಿದ್ದು, ಪ್ರವಾದಿ(ಸ)ರು ಆ ಬಾಲಕಿಯರನ್ನು ಬಿಟ್ಟುಬಿಡಲು ಹೇಳಿದ್ದು ಬುಖಾರಿಯಲ್ಲಿದೆ. ಒಪ್ಪದವರ ಮನಸ್ಸು ನೋಯಿಸುವ ಇಚ್ಛೆ ನನಗಿಲ್ಲ. ನಮಾಝಿನ ಹೊತ್ತು ಮರೆಸುವ, ಹೆಂಡವನ್ನೂ ಅಶ್ಲೀಲವನ್ನೂ ಹೊಗಳುವ ಪ್ಲೇಟುಗಳನ್ನು ನಾನು ಇಟ್ಟುಕೊಂಡಿಲ್ಲ. ಮಾವನ ಹನ್ನೊಂದರಲ್ಲಿ ನಾಲ್ಕು ಹಾಗೆ ಹೊರಗೆ ಹೋದವು.

ಉಳಿದ ಏಳು ರಿದಮ್ ಅಂಡ್ ಬ್ಲೂಸ್ ಎಂಬ ಪ್ರಕಾರದವು. ಹೆಸರು ಕೇಳಿ ಹೆದರಬೇಡಿ. ಗುಲಾಮರಾಗಿ ಹಡಗೇರಿಸಲ್ಪಟ್ಟ ಆಫ್ರಿಕದವರ ಮರಿಮಕ್ಕಳು ಕಟ್ಟಿದ ಹಾಡುಗಳಿವು. ಅವರ ಪ್ಲೇಟುಗಳನ್ನು ಅಮೆರಿಕದ ವ್ಯಾಪಾರಿಗಳು 'ರೇಸ್ ರೆಕಾರ್ಡ್ಸ್' ಎಂದು, ಎಂದರೆ ಜನಾಂಗದ ಹೆಸರಲ್ಲಿ ಬೇರೆಯಾಗಿಟ್ಟು ಮಾರುತ್ತಿದ್ದರು. 1949ರಲ್ಲಿ 'ಬಿಲ್‌ಬೋರ್ಡ್' ಪತ್ರಿಕೆ ಆ ಹೆಸರನ್ನು ಕೈಬಿಟ್ಟು ರಿದಮ್ ಅಂಡ್ ಬ್ಲೂಸ್ ಎಂದಿತು. ಹೊಸ ಹೆಸರು ಸೂಚಿಸಿದವರು ಅಲ್ಲಿ ಕೆಲಸಕ್ಕಿದ್ದ ಜೆರಿ ವೆಕ್ಸ್ಲರ್.

ಈ ಹಾಡುಗಳ ಹಿಂದೆ ಒಂದು ಮುಸ್ಲಿಮ್ ಮನೆತನದ ಕಥೆಯೂ ಇದೆ. ಮುನೀರ್ ಎರ್ತೆಗುನ್ 1934ರಿಂದ ಅಮೆರಿಕದಲ್ಲಿ ತುರ್ಕಿಯ ರಾಯಭಾರಿ. ಅವರ ಮಕ್ಕಳಾದ ನೆಸೂಹಿ ಮತ್ತು ಅಹ್ಮದ್‌ಗೆ ಕರಿಯರ ಸಂಗೀತದ ಪ್ಲೇಟು ಕೂಡಿಡುವ ಹುಚ್ಚು. ಅಣ್ಣ ತಮ್ಮ ಸೇರಿ ಹದಿನೈದು ಸಾವಿರಕ್ಕೂ ಹೆಚ್ಚು ಸಂಗ್ರಹಿಸಿದರು. (ನನ್ನ ಇನ್ನೂರಕ್ಕೆ ಗೊಣಗುವವರಿಗೆ ಇದನ್ನು ಓದಿ ಹೇಳಿದ್ದೇನೆ.) ಕರಿಯರಿಗೂ ಬಿಳಿಯರಿಗೂ ಒಂದೇ ಹೋಟೆಲಿನಲ್ಲಿ ಊಟ ಸಿಗದಿದ್ದ ವಾಷಿಂಗ್ಟನ್ನಿನಲ್ಲಿ ಈ ಹುಡುಗರು ಕರಿಯ ಸಂಗೀತಗಾರರನ್ನು ರಾಯಭಾರ ಕಚೇರಿಯ ಮುಂಬಾಗಿಲಿನಿಂದಲೇ ಕರೆತಂದು ಊಟಕ್ಕೆ ಕೂರಿಸುತ್ತಿದ್ದರು. ತಂದೆ 1944ರಲ್ಲಿ ತೀರಿಕೊಂಡಾಗ ಆ ರಾಜಧಾನಿಯಲ್ಲಿ ಜನಾಝ ನಮಾಝಿಗೆ ಒಂದು ಮಸೀದಿಯೂ ಇರಲಿಲ್ಲ. ಆ ಕೊರತೆಯ ನೋವಿನಿಂದಲೇ ಅಲ್ಲಿನ ಇಸ್ಲಾಮಿಕ್ ಸೆಂಟರಿನ ಕೆಲಸ ಶುರುವಾಗಿ 1957ರಲ್ಲಿ ಅದು ಉದ್ಘಾಟನೆಯಾಯಿತು. ಮಗ ಅಹ್ಮದ್ ಮನೆಯ ಹಲ್ಲಿನ ಡಾಕ್ಟರಿಂದ ಹತ್ತು ಸಾವಿರ ಡಾಲರ್ ಸಾಲ ಪಡೆದು, ಜೊತೆಗಾರನೊಂದಿಗೆ 1947ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪೆನಿ ತೆರೆದರು.

ಆ ಕಂಪೆನಿಯನ್ನು ಎತ್ತಿ ನಿಲ್ಲಿಸಿದವಳು ಒಬ್ಬ ಹೆಣ್ಣುಮಗಳು, ರೂತ್ ಬ್ರೌನ್. ಮಾವನ ಏಳು ಪ್ಲೇಟುಗಳಲ್ಲಿ ಎರಡು ಅವರವು. 1953ರಲ್ಲಿ ಅವರ ಒಂದು ಹಾಡು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು, ಅವನು ನನ್ನನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಮಗಳು ಅಮ್ಮನಲ್ಲಿ ದೂರುವ ಹಾಡು. ನನ್ನ ಇಂಗ್ಲಿಷ್ ಬಿ.ಎ.ಯ ಇಂಗ್ಲಿಷ್, ಮಾತು ಪೂರ್ತಿ ಹಿಡಿಯುವುದಿಲ್ಲ. ಆದರೆ ಸಾಲಿನ ಕೊನೆಯಲ್ಲಿ ಅವರ ಧ್ವನಿ ಕೀರಲಾಗಿ ಒಡೆಯುವ ಒಂದು ಕ್ಷಣವಿದೆ. ತವರಿಗೆ ಬಂದ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ಮಾತು ಶುರು ಮಾಡುವಾಗ ಗಂಟಲು ಹೀಗೆಯೇ ಆಗುವುದನ್ನು ನೀವೂ ಕೇಳಿರುತ್ತೀರಿ.

ಇಷ್ಟು ಹಾಡಿ ಕೊಟ್ಟವರ ಗತಿ ಏನಾಯಿತು? 1960ರ ದಶಕದಲ್ಲಿ ಜನ ಅವರನ್ನು ಮರೆತರು. ಮಕ್ಕಳನ್ನು ಸಾಕಲು ಅವರು ಮನೆಗೆಲಸ ಮಾಡಿದರು, ಶಾಲಾ ಬಸ್ಸು ಓಡಿಸಿದರು. ಹಾಡುಗಳು ಮಾರಾಟವಾಗುತ್ತಲೇ ಇದ್ದವು. ಆದರೆ ಮುದ್ರಣದ ಖರ್ಚೆಲ್ಲ ಗಾಯಕಿಯ ಲೆಕ್ಕಕ್ಕೇ ಬಿದ್ದು, ಕಂಪೆನಿಯ ಪುಸ್ತಕದಲ್ಲಿ ಅವರೇ ಸಾಲಗಾರ್ತಿ. ವಕೀಲರೊಬ್ಬರ ನೆರವಿನಿಂದ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಕಂಪೆನಿ ಹಳೆಯ ಬಾಕಿಗಳನ್ನು ಮನ್ನಾ ಮಾಡಿ ಹಿಂದಿನ ವರ್ಷಗಳ ಗೌರವಧನ ಕೊಡಲು ಒಪ್ಪಿತು. ಅವರೊಬ್ಬರಿಗೆ ಮಾತ್ರವಲ್ಲ, ಅವರ ಹಾಗಿದ್ದ ಇತರ ಹಿರಿಯರಿಗೂ. ಅಂಥ ಕಲಾವಿದರಿಗಾಗಿ 1988ರಲ್ಲಿ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿತು, ಅದಕ್ಕೆ ಅಟ್ಲಾಂಟಿಕ್ಕಿನ ಹಣವೂ ಬಂತು. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂದು ಕೇಳಿ ಬೆಳೆದ ನಮಗೆ ಈ ಲೆಕ್ಕ ಅರ್ಥವಾಗುತ್ತದೆ. ಮುಂಬಾಗಿಲು ತೆರೆದ ಅದೇ ಕುಟುಂಬದವರ ಕಂಪೆನಿಯಲ್ಲಿ ಇದು ನಡೆಯಿತು ಎಂಬುದು ನನಗೆ ಇಂದಿಗೂ ಕಸಿವಿಸಿ. ರೂತ್ 2006ರ ನವೆಂಬರಿನಲ್ಲಿ ತೀರಿಕೊಂಡರು, ಮರು ತಿಂಗಳೇ ಅಹ್ಮದ್. ಅವರನ್ನು ಇಸ್ತಾಂಬುಲಿನ ಒಂದು ಸೂಫಿ ತಕಿಯಾದ ಆವರಣದಲ್ಲಿ ದಫನ ಮಾಡಲಾಯಿತು.

ರೂತ್ ಹೋರಾಡಲು ಸಾಧ್ಯವಾದದ್ದು ಪ್ಲೇಟಿನ ಮೇಲೆ ಅವರ ಹೆಸರಿತ್ತು ಎಂಬ ಕಾರಣಕ್ಕೆ. ಇದು ನನಗೆ ಹೊಳೆದ ಮೇಲೆ ನಮ್ಮ ಕಡೆಯ ಪ್ಲೇಟುಗಳನ್ನು ನೋಡುವ ಕಣ್ಣೇ ಬದಲಾಯಿತು. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದಾಗ, ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳಿದರು. ಮುದ್ರಿಸಿದ್ದನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಬೇಕಿತ್ತು, ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಬೇಕಿತ್ತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದ ಆಕೆ ವ್ಯಾಜ್ಯಗಳಲ್ಲಿ ಹಣ ಕಳೆದುಕೊಂಡು, 1928ರಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಹತ್ತಿರದವರು ಯಾರೂ ಉಳಿದಿರಲಿಲ್ಲ. ಹೆಸರು ಉಳಿದಿತ್ತು.

ಮಾಪಿಳ್ಳೆ ಹಾಡುಗಳಲ್ಲಿ ರಂಲಾ ಬೀಗಂ ಹೆಸರನ್ನು ನಿಮ್ಮಲ್ಲಿ ಹಿರಿಯರು ಬಲ್ಲರು. ಆಲಪ್ಪುಳದ ಈ ಮಹಿಳೆ ವಿರೋಧಗಳನ್ನು ಎದುರಿಸಿಕೊಂಡೇ ವೇದಿಕೆ ಹತ್ತಿದರು, ಮೋಯಿನ್‌ಕುಟ್ಟಿ ವೈದ್ಯರ 'ಬದ್ರುಲ್ ಮುನೀರ್ ಹುಸ್ನುಲ್ ಜಮಾಲ್' ಕಾವ್ಯವನ್ನು ಕಥಾಪ್ರಸಂಗವಾಗಿ ಹೇಳಿದರು, 2023ರಲ್ಲಿ ತೀರಿಕೊಂಡರು. ಇಂಥವರು ಬೆರಳೆಣಿಕೆಯಷ್ಟು. ಗಲ್ಫಿಗೆ ಹೋದ ಗಂಡನಿಗೆ ಹೆಂಡತಿ ಬರೆಯುವ ಪತ್ರದ ಹಾಡು 1970ರ ದಶಕದಲ್ಲಿ ನಮ್ಮ ಕರಾವಳಿಯಲ್ಲೂ ಮನೆಮನೆಗೆ ತಲುಪಿತು. ಎಷ್ಟು ಉಮ್ಮಂದಿರು ಅದನ್ನು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರೋ! ಅದನ್ನು ಬರೆದು ಹಾಡಿದವರು ಎಸ್.ಎ. ಜಮೀಲ್. ಹೆಂಡತಿಯ ಅಳಲಾದರೂ ಗಂಡಸಿನ ಧ್ವನಿ. ಜಮೀಲರ ಮೇಲೆ ನನಗೆ ಆಕ್ಷೇಪವಿಲ್ಲ, ಅವರು ಹಾಡದಿದ್ದರೆ ಆ ಮಾತೂ ಇರುತ್ತಿರಲಿಲ್ಲ.

ಆದರೆ ನಮ್ಮ ಬ್ಯಾರಿ ಮನೆಗಳ ಹೆಂಗಸರು? ಮೈಲಾಂಜಿಯ ರಾತ್ರಿ ಮದುಮಗಳ ಸುತ್ತ ಕೈತಟ್ಟಿ ಹಾಡಿದವರು, ತೊಟ್ಟಿಲು ತೂಗುತ್ತ ಹಾಡಿದವರು? ನನ್ನ ಇನ್ನೂರು ಪ್ಲೇಟುಗಳಲ್ಲಿ ಒಬ್ಬರೂ ಇಲ್ಲ. ಬ್ಯಾರಿ ಹಾಡುಗಳು ಪುಸ್ತಕಗಳಲ್ಲಿ ಅಚ್ಚಾಗಿವೆ, 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನೂ ಸ್ಥಾಪಿಸಿತು. ಸಂತೋಷವೇ. ಆದರೆ ಅಚ್ಚಿನ ಅಕ್ಷರಕ್ಕೆ ಉಸಿರು ಎಳೆದುಕೊಳ್ಳುವ ಸದ್ದು ಇರುವುದಿಲ್ಲವಲ್ಲ.

ಕುದ್ರೋಳಿಯಲ್ಲಿ ನನಗೆ ಪರಿಚಯದ ಒಬ್ಬರು ಹಿರಿಯರಿದ್ದಾರೆ. ಎಂಬತ್ತು ದಾಟಿದೆ. ಒಂದು ಕಾಲದಲ್ಲಿ ಅವರಿಲ್ಲದೆ ಆ ಬೀದಿಯಲ್ಲಿ ಮೈಲಾಂಜಿ ನಡೆಯುತ್ತಿರಲಿಲ್ಲವಂತೆ. ಕಳೆದ ರಂಝಾನಿಗೆ ಮೊದಲು ಅವರ ಮನೆಗೆ ಹೋಗಿ, ಮೊಬೈಲನ್ನು ದಿಂಬಿನ ಮೇಲಿಟ್ಟು, ಒಂದು ಹಾಡು ಹೇಳಿಸಿದೆ. ಮೊದಲು ನಾಚಿದರು. ಆಮೇಲೆ ಸೊಸೆಯನ್ನು ಕರೆದು ಫ್ಯಾನು ಆರಿಸಲು ಹೇಳಿ, ಮುಸುರು ಸರಿಪಡಿಸಿಕೊಂಡು ಶುರು ಮಾಡಿದರು. ಹಲ್ಲಿಲ್ಲದ ಬಾಯಿ, ಕೆಲವು ಪದ ಜಾರುತ್ತವೆ. ತಾಳ ಒಂದು ಕಡೆಯೂ ತಪ್ಪಲಿಲ್ಲ. ಕೈತಟ್ಟಲು ತೋಳು ಏಳದೆ, ಮಂಚದ ಹಲಗೆಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದರು. ಆರು ನಿಮಿಷ. 78ರ ಪ್ಲೇಟಾದರೆ ಎರಡು ಮಗ್ಗುಲು ಬೇಕಿತ್ತು.

ಮುಗಿದ ಮೇಲೆ ನಾನು, "ಉಮ್ಮಾ, ಇದನ್ನು ಜೋಪಾನವಾಗಿ ಇಡುತ್ತೇನೆ, ನಿಮ್ಮ ಹೆಸರು ಬರೆಯಲೇ?" ಎಂದೆ.

"ಹಾಡು ಇಟ್ಟುಕೋ ಮಗಳೇ, ಹೆಸರು ಯಾಕೆ? ಮೊಮ್ಮಕ್ಕಳಿಗೆ ಮದುವೆ ಮಾತುಕತೆ ನಡೆಯುತ್ತಿದೆ" ಎಂದರು.

"ಹೆಸರಿಲ್ಲದಿದ್ದರೆ ಮುಂದೆ ಯಾರದೆಂದು ಗೊತ್ತಾಗುವುದಿಲ್ಲ."

"ಮಾಡಿದ ಅಲ್ಲಾಹನಿಗೆ ಗೊತ್ತಿದೆಯಲ್ಲ."

ಇದಕ್ಕೆ ನಾನು ಏನು ಹೇಳಲಿ? ರೂತ್ ಬ್ರೌನರ ಕಥೆ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವರ ಮಾತಿನಲ್ಲಿ ಹೆದರಿಕೆ ಎಷ್ಟು, ತವಕ್ಕುಲ್ ಎಷ್ಟು ಎಂದು ಬಿಡಿಸಿ ನೋಡಲು ನನಗೆ ಆಗಲಿಲ್ಲ. ಹೊರಡುವಾಗ ಅವರ ಸೊಸೆ ಗೇಟಿನವರೆಗೆ ಬಂದು, "ನನಗೂ ಅದನ್ನು ಕಳುಹಿಸಿ ಟೀಚರ್, ನಾನು ಇದುವರೆಗೆ ಅವರು ಹಾಡಿದ್ದು ಕೇಳಿಯೇ ಇರಲಿಲ್ಲ" ಎಂದರು.

ಅವರಿಗೆ ಕಳುಹಿಸಿದ್ದೇನೆ, ಬೇರೆ ಯಾರಿಗೂ ಇಲ್ಲ. ನನ್ನ ಬಳಿ ಎರಡು ಪ್ರತಿಗಳಿವೆ, ಎರಡರ ಮೇಲೂ ತಾರೀಖು ಮತ್ತು ಕುದ್ರೋಳಿ ಎಂದಷ್ಟೇ ಬರೆದಿದೆ. ಹಾಡಿಗೆ ಇನ್ನೂ ಒಂದು ಭಾಗ ಇದೆಯಂತೆ, ಮದುಮಗಳು ಮನೆ ಬಿಡುವಾಗ ಹೇಳುವುದು. ಮಳೆ ಕಡಿಮೆಯಾದ ಮೇಲೆ, ಉಬ್ಬಸ ಇಳಿದರೆ ಬಾ ಎಂದಿದ್ದಾರೆ.