ಬಾಗಿಲಿನ ಬಾಯಿ ಮುಚ್ಚಿಸಿದ್ದು

ಕಾರಿನ ಬಾಗಿಲಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಾಗಿಲೆಂದರೆ ಹತ್ತುವುದಕ್ಕೆ, ಇಳಿಯುವುದಕ್ಕೆ, ಸಿಟ್ಟು ಬಂದಾಗ ದಢಾರನೆ ಹಾಕುವುದಕ್ಕೆ ಇರುವ ವಸ್ತು ಎಂದೇ ನಮ್ಮೆಲ್ಲರ ತಿಳಿವಳಿಕೆ. ಆದರೆ ಈಗಿನ ಕಾರುಗಳಲ್ಲಿ ಹಾಡುವ ಸ್ಪೀಕರು ಕುಳಿತಿರುವುದು ಆ ಬಾಗಿಲಿನ ಹೊಟ್ಟೆಯೊಳಗೇ. ಅದನ್ನು ಹೊತ್ತುಕೊಂಡು ಸುಮ್ಮನಿರಬೇಕಾದ ತಗಡು ತಾನೇ ಗಾಯಕನಾಗಲು ಹೊರಟರೆ ಕಛೇರಿಯ ಗತಿಯೇನು?

ಹೈದರಾಬಾದಿನಲ್ಲಿ ನೆಲೆಸಿದ ನಮ್ಮಂಥವರಿಗೆ ಕಾರು ಬರಿಯ ವಾಹನವಲ್ಲ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ. ಕನ್ನಡಕ್ಕೆ ಉಳಿಯುವುದು ಅಡುಗೆಮನೆ, ಮತ್ತು ವರ್ಷಕ್ಕೆ ನಾಲ್ಕಾರು ಸಲ ಬೀದರಿಗೆ ಹೋಗುವ ಸುಮಾರು 140 ಕಿಲೋಮೀಟರು ದಾರಿ. ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದು ದಾಟುವಷ್ಟು ಹೊತ್ತು ಮಕ್ಕಳು ಎದ್ದು ಓಡಿಹೋಗುವಂತಿಲ್ಲ. ಹೀಗಾಗಿ ಅದೇ ನಮ್ಮ ಮನೆಯ ಕನ್ನಡ ಶಾಲೆ.

ಆ ಶಾಲೆಯ ಮುಖ್ಯ ಪಾಠ ನನ್ನ ತಂದೆಯವರ ಧ್ವನಿ. ಅವರು ಊರಿನ ಭಜನೆಯಲ್ಲಿ ತತ್ತ್ವಪದ ಹಾಡುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ಪದಗಳೆಂದರೆ ಅವರಿಗೆ ಪ್ರಾಣ. ಅವರು ತೀರಿಕೊಂಡ ಮೇಲೆ ನಮಗೆ ಉಳಿದದ್ದು 1986ರಲ್ಲಿ ಒಂದು ಕ್ಯಾಸೆಟ್ಟಿಗೆ ತುಂಬಿಸಿದ ಮುಕ್ಕಾಲು ಗಂಟೆಯ ಹಾಡು. ತಂಗಿಯ ಮಗ ಅದನ್ನು ಮೊಬೈಲಿಗೆ ಇಳಿಸಿಕೊಟ್ಟ. ಆದರೆ ಕಾರಿನಲ್ಲಿ ಹಾಕಿದಾಗಲೆಲ್ಲ ಅವರಿಗಿಂತ ಮೊದಲು ಬಾಗಿಲೇ ಹಾಡುತ್ತಿತ್ತು. ಮುಂದಿನ ಸೀಟಿನಲ್ಲಿ ಕೂಡುವ ನಮ್ಮವ್ವನಿಗೆ ಈಗ ಎಂಬತ್ತೊಂದು. "ಏನ್ ಹಾಡ್ಲತ್ತಾರೋ ತಿಳಿವಲ್ದು, ಬರೇ ಡಬಡಬ ಅಂತದ" ಎನ್ನುತ್ತಿದ್ದಳು. ಅಜ್ಜನ ಮುಖ ಕಾಣದ ನನ್ನ ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ತನ್ನದೇ ಇಯರ್‌ಫೋನು ಸಿಕ್ಕಿಸಿಕೊಂಡು ಬೇರೊಂದು ಲೋಕದಲ್ಲಿರುತ್ತಿದ್ದಳು.

ಹೊಸ ಸ್ಪೀಕರು ಹಾಕಿಸೋಣವೆಂದು ಕೋಠಿಯ ಗುಜರಾತಿ ಗಲ್ಲಿಗೆ ಹೋದೆ. ಅಲ್ಲಿ ಸಿಕ್ಕ ಕೆಲಸಗಾರ ಪೆಟ್ಟಿಗೆ ಬಿಚ್ಚುವ ಮೊದಲು ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಠಣ್ ಎಂದಿತು. "ಪೆಹೆಲೆ ಡಬ್ಬಾ ಚುಪ್ ಕರ್ನಾ ಸಾಬ್, ಸ್ಪೀಕರ್ ಬಾದ್ ಮೇ" ಎಂದ. ಮೊದಲು ಡಬ್ಬಿಯ ಬಾಯಿ ಮುಚ್ಚಿಸಬೇಕು, ಸ್ಪೀಕರಿನ ಮಾತು ಆಮೇಲೆ ಎಂದು ಅರ್ಥ.

ಅವನ ಮಾತಿನಲ್ಲಿ ಶಾಸ್ತ್ರವಿದೆ. ಊಟದ ತಟ್ಟೆ ಕೆಳಗೆ ಬಿದ್ದು ಝಣಝಣ ಎನ್ನುವಾಗ ಅಂಗೈ ಊರಿದರೆ ಸದ್ದು ಥಟ್ಟನೆ ನಿಲ್ಲುತ್ತದಲ್ಲ, ಬಾಗಿಲಿಗೆ ಬೇಕಾದದ್ದೂ ಅಂಥದೇ ಒಂದು ಅಂಗೈ. ಗಂಡಸಿನ ದಪ್ಪ ಧ್ವನಿ ಸೆಕೆಂಡಿಗೆ 100ರ ಆಸುಪಾಸು ಕಂಪನಗಳದ್ದು. ಬಾಗಿಲಿನ ತೆಳು ತಗಡು ಕುಣಿಯುವುದೂ ಹೆಚ್ಚುಕಡಿಮೆ ಆ ನೆರೆಯಲ್ಲೇ. ತಂದೆಯವರು ಮಂದ್ರಕ್ಕೆ ಇಳಿದರೆಂದರೆ ತಗಡು ಓಗೊಡುತ್ತಿತ್ತು. ಇನ್ನೊಂದು ತೊಡಕೂ ಇದೆ. ಸ್ಪೀಕರಿನ ಮುಂದಿನಿಂದ ಹೊರಡುವಷ್ಟೇ ಸದ್ದು ಹಿಂದಿನಿಂದಲೂ ಹೊರಡುತ್ತದೆ. ಒಳತಗಡಿನಲ್ಲಿ ದೊಡ್ಡ ತೂತುಗಳಿದ್ದರೆ ಹಿಂದಿನದು ನುಸುಳಿ ಬಂದು ಮುಂದಿನದನ್ನು ತಿಂದುಹಾಕುತ್ತದೆ. ಉಳಿಯುವುದು ಸತ್ವ ಕಳೆದುಕೊಂಡ ಸ್ವರ.

ಧ್ವನಿ ಜೋರಾದರೆ ಮಾತು ತಿಳಿಯುತ್ತದೆಂಬುದು ನಮ್ಮ ಜನರ ಗಟ್ಟಿ ನಂಬಿಕೆ. ವಿಜಾಪುರದ ಗೋಳಗುಮ್ಮಟ ಕಟ್ಟಿ ಮುಗಿದದ್ದು 1656ರಲ್ಲಿ. ಅಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದೆ, ಕೇಳಲು ಸೊಗಸು. ಆದರೆ ಅದೇ ಗುಮ್ಮಟದ ಕೆಳಗೆ ನಿಂತು ಭಾಷಣ ಮಾಡಿ ನೋಡಿ, ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಯಾರಿಗೂ ಏನೂ ತಿಳಿಯದು. ಮಾತು ಕೇಳಬೇಕಾದರೆ ಸುತ್ತಲಿನದು ಬಾಯಿ ಮುಚ್ಚಿಕೊಂಡಿರಬೇಕು.

ಅರ್ಧ ದಿನ ಪಕ್ಕದಲ್ಲೇ ನಿಂತು ಕೆಲಸ ನೋಡಿದೆ. ಒಳಗಿನ ಹೊದಿಕೆಯನ್ನೂ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿ, ತಗಡಿನ ಧೂಳು, ಜಿಡ್ಡು ಎಲ್ಲವನ್ನೂ ಸ್ಪಿರಿಟಿನಿಂದ ಒರೆಸಿದ. ಆಮೇಲೆ ಒಂದು ಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ, 2 ಮಿಲಿಮೀಟರು ದಪ್ಪದ ಬ್ಯುಟೈಲ್ ರಬ್ಬರಿನ ತುಂಡುಗಳನ್ನು ಹೊರತಗಡಿನ ಒಳಮೈಗೆ ಅಂಟಿಸಿ, ಚಿಕ್ಕ ಉರುಳೆಯಿಂದ ಒತ್ತಿ ಒತ್ತಿ ಉಜ್ಜಿದ. ಎಲ್ಲೆಲ್ಲೂ ಮೆತ್ತಬೇಕಾಗಿಲ್ಲ, ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಸಾಕು. ಹೆಚ್ಚು ಮೆತ್ತಿದರೆ ಬಾಗಿಲು ಭಾರ, ಜೇಬು ಹಗುರ. ಒಳತಗಡಿನ ದೊಡ್ಡ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಿದ. ಸ್ಪೀಕರಿನ ಸುತ್ತ ಸ್ಪಂಜಿನ ಉಂಗುರ ಇಟ್ಟ, ಅಲುಗಾಡುವ ತಂತಿಗಳಿಗೆ ಬಟ್ಟೆಯ ಪಟ್ಟಿ ಸುತ್ತಿದ.

ಎರಡು ಸಂಗತಿ ನೀವೂ ನೆನಪಿಡಿ. ಅಗ್ಗಕ್ಕೆ ಸಿಗುವ ಡಾಂಬರಿನ ಹಾಳೆ ಬೇಡ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಹೊಡೆಯುತ್ತದೆ. ಎರಡನೆಯದು, ಬಾಗಿಲಿನ ತಳದಲ್ಲಿರುವ ಸಣ್ಣ ಕಂಡಿಗಳನ್ನು ಮುಚ್ಚಬಾರದು. ಗಾಜಿನ ಸಂದಿಯಿಂದ ಒಳಗಿಳಿದ ಮಳೆಯ ನೀರು ಹೊರಗೆ ಹೋಗುವ ದಾರಿ ಅದೇ. ಮುಚ್ಚಿದರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಇದರಿಂದ ರಸ್ತೆಯ ಸದ್ದೆಲ್ಲ ಮಾಯವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಟೈರಿನ ಮೊರೆತ ನೆಲದ ಕಡೆಯಿಂದ ಬರುತ್ತದೆ, ಅದು ಬಂದೇ ಬರುತ್ತದೆ. ಹೋದದ್ದು ತಗಡಿನ ಡಬಡಬ ಮಾತ್ರ. ಮತ್ತೆ ತಟ್ಟಿದಾಗ ಬಾಗಿಲು ಠಣ್ ಎನ್ನದೆ, ಮರದ ಹಲಗೆಯಂತೆ ದಬ್ ಎಂದಿತು.

ಮುಂದಿನ ವಾರ ಬೀದರಿಗೆ ಹೊರಟೆವು. ಸದಾಶಿವಪೇಟೆ ದಾಟಿದ ಮೇಲೆ ತಂದೆಯವರ ಹಾಡು ಹಾಕಿದೆ, ಎಂದಿಗಿಂತ ಕಡಿಮೆ ಧ್ವನಿಯಲ್ಲಿ. ಪದದ ಒಂದೊಂದು ನುಡಿಯೂ ಬಿಡಿಬಿಡಿಯಾಗಿ ಬಂತು. ಎರಡನೆಯ ಪದ ಮುಗಿದು ಮೂರನೆಯದು ಶುರುವಾಗುವ ಮೊದಲು ಅವರು ಒಮ್ಮೆ ಕೆಮ್ಮಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಜರಾ ನೀರ್ ಕೊಡು" ಎಂದರು. ಆ ಮಾತು ಅಷ್ಟು ವರ್ಷ ಅದರಲ್ಲೇ ಇತ್ತು. ಕಾರಿನಲ್ಲಿ ಒಮ್ಮೆಯೂ ನಮಗೆ ಕೇಳಿರಲಿಲ್ಲ.

ಹಿಂದಿನ ಸೀಟಿನಲ್ಲಿ ಮಗಳು ಕಿವಿಯಲ್ಲಿದ್ದುದನ್ನು ತೆಗೆದಳು. "ಅಜ್ಜೀ, ಅಜ್ಜ ನೀರು ಕೇಳಿದ್ದು ನಿನ್ನನ್ನೇ?"

ಅವ್ವ ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತಿದ್ದಳು. "ಹೂಂ, ನನಗೇ. ಹಿತ್ತಾಳಿ ತಂಬಿಗ್ಯಾಗ ತಂದ್ ಕೊಟ್ಟಿದ್ದೆ" ಎಂದಳು. ಆಮೇಲೆ ಜಹೀರಾಬಾದು ಬರುವವರೆಗೂ ಮೊಮ್ಮಗಳಿಗೆ ಆ ಸಂಜೆಯ ಕಥೆ ಹೇಳಿದಳು. ಹಾಡನ್ನು ನಾನೇ ನಿಲ್ಲಿಸಿದೆ.