ಎಂಜಿನ್ ಬದಲಾದ ಕಾರು



ಇಲ್ಲಿ ಹೆಚ್ಚಾಗಿ ಶಾಲೆಯ ನೆನಪುಗಳನ್ನೇ ಬರೆಯುತ್ತಾ ಬಂದವನು ಇಂದು ಕಾರಿನ ವಿಚಾರ ಬರೆಯಲು ಹೊರಟಿರುವುದಕ್ಕೆ ಕಾರಣವುಂಟು. ಕೆಲವು ದಿನಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ತನ್ನ ಕಷ್ಟ ಹೇಳಿಕೊಂಡ. "ಸಾರ್, ಕಾರು ಕೊಂಡು ಇನ್ನೂ ವರ್ಷ ತುಂಬಿಲ್ಲ. ನೀರು ಹೊಕ್ಕು ಎಂಜಿನ್ನನ್ನೇ ಬದಲಾಯಿಸಬೇಕು ಅನ್ನುತ್ತಿದ್ದಾರೆ. ನಿಮ್ಮ ಕಾರಿಗೂ ಹೀಗೆಯೇ ಆಗಿತ್ತಲ್ಲ, ನೀವು ಅದನ್ನು ಮಾರದೆ ಇಟ್ಟುಕೊಂಡದ್ದು ಏಕೆ?" ಇದೇ ಪ್ರಶ್ನೆಯನ್ನು ನಮ್ಮ ಬಂಧುಗಳಲ್ಲಿಯೂ ಅನೇಕರು ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಕೇಳಿದ್ದಾರೆ. ಊಟದ ಪಂಕ್ತಿಯಲ್ಲಿ ಕುಳಿತು ಕೊಡುವ ಉತ್ತರ ಪೂರ್ಣವಾಗುವುದಿಲ್ಲ. ಆದ್ದರಿಂದ ಲೆಕ್ಕದ ಮೇಷ್ಟ್ರಿಗೆ ತಕ್ಕಂತೆ, ಹಂತಹಂತವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಆ ಕಾರನ್ನು ನಾವು 2021ರ ಅಕ್ಟೋಬರಿನಲ್ಲಿ ಕೊಂಡೆವು. ಸೆಮಿಕಂಡಕ್ಟರ್ ಚಿಪ್ಪುಗಳ ಅಭಾವದಿಂದ ಜಗತ್ತಿನಾದ್ಯಂತ ಕಾರು ತಯಾರಿಕೆ ಕುಂಟುತ್ತಿದ್ದ ವರ್ಷವದು. ಮುಂಗಡ ಕೊಟ್ಟು ನಾಲ್ಕು ತಿಂಗಳು ಕಾದ ಮೇಲೆ ಕಾರು ಮನೆಗೆ ಬಂತು. ನಿವೃತ್ತಿಯ ಹಣದಲ್ಲಿ ಉಳಿದಿದ್ದುದನ್ನು ಸೇರಿಸಿ ಎಲ್ಲ ತೆರಿಗೆಗಳೊಡನೆ 8 ಲಕ್ಷ 60 ಸಾವಿರ ರೂಪಾಯಿ ಕೊಟ್ಟಿದ್ದೆವು. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದ ನನ್ನ ಮಡದಿಗೆ ಆ ಕಾರು ಊರುಗೋಲಿನಷ್ಟೇ ಅವಶ್ಯವಾಗಿತ್ತು.

ಮರುವರ್ಷ, ಅಂದರೆ 2022ರಲ್ಲಿ, ಗೌರಿಹಬ್ಬ ಆಗಸ್ಟ್ 30ರಂದು ಬಂತು. ತಂಗಿಗೆ ತವರಿನ ಬಾಗಿನ ಕೊಡಲೆಂದು ನಾವಿಬ್ಬರೂ ತುಮಕೂರಿನಿಂದ ಬೆಂಗಳೂರಿಗೆ ಹೋದೆವು. ತಂಗಿಯ ಯಜಮಾನರು ತೀರಿಕೊಂಡ ಮೇಲೆ ಅವಳು ಮಗನೊಡನೆ ಬೆಳ್ಳಂದೂರಿನ ಕಡೆ ಇದ್ದಾಳೆ. ಹಬ್ಬ ಮುಗಿದರೂ ಅವಳು ಬಿಡದೆ ಉಳಿಸಿಕೊಂಡಳು. ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಯನ್ನು ನೀವೆಲ್ಲ ಬಲ್ಲಿರಿ. ಬೆಳಗಾಗುವುದರೊಳಗೆ ನಗರದಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿತ್ತು. ಕೆರೆಗಳು ಕೋಡಿ ಹರಿದು, ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ತಾವೇ ಕೆರೆಗಳಾದವು. ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗುವವರು ಟ್ರ್ಯಾಕ್ಟರ್ ಏರಿದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು.

ನಾನು ಏಳುವುದಕ್ಕೆ ಮೊದಲೇ ತಂಗಿಯ ಮಗ ಎದ್ದಿದ್ದ. ವಾಹನ ನಿಲ್ಲಿಸುವ ಜಾಗಕ್ಕೆ ನೀರು ನುಗ್ಗುತ್ತಿರುವುದನ್ನು ಕಂಡು, ಮಾವನ ಹೊಸ ಕಾರು ಮುಳುಗಬಾರದೆಂಬ ಕಾಳಜಿಯಿಂದ ಅದನ್ನು ಎತ್ತರದ ರಸ್ತೆಗೆ ಸಾಗಿಸಲು ಹೊರಟ. ಗೇಟಿನಾಚೆ ಐವತ್ತು ಗಜ ಹೋಗುವಷ್ಟರಲ್ಲಿ ಕಾರು ನಿಂತಿತು. ಅವನು ಮತ್ತೆ ಕೀಲಿ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. ಒಳಗಿನಿಂದ ಸುತ್ತಿಗೆಯ ಏಟಿನಂಥ ಒಂದು ಸದ್ದು ಬಂತಂತೆ, ಅಷ್ಟೇ. ಅಂದು ಸೆಪ್ಟೆಂಬರ್ 5, ಶಿಕ್ಷಕರ ದಿನ. ಬೆಳಗಿನಿಂದ ನಿಮ್ಮಲ್ಲಿ ಅನೇಕರು ಶುಭಾಶಯ ಹೇಳಲು ಕರೆ ಮಾಡುತ್ತಿದ್ದಿರಿ. ಅತ್ತ ಅವನು ಸೊಂಟದವರೆಗೆ ನೆನೆದು, ಬಾಗಿಲಲ್ಲಿ ನಿಂತು, "ಮಾವ, ಕಾರು ಹೋಯ್ತು" ಎಂದು ಮಾತ್ರ ಹೇಳಿದ.

ಒಂಬತ್ತನೆಯ ತರಗತಿಯ ಸಿರಿಂಜಿನ ಪ್ರಯೋಗ ನಿಮಗೆ ನೆನಪಿದೆಯೇ? ಗಾಳಿ ತುಂಬಿದ ಸಿರಿಂಜಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಹಿಡಿ ಒಳಗೆ ಸರಿಯುತ್ತದೆ. ನೀರು ತುಂಬಿ ಒತ್ತಿದರೆ ಅಲುಗುವುದಿಲ್ಲ. ಎಂಜಿನ್ನಿನೊಳಗೆ ನಡೆದದ್ದೂ ಇದೇ. ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ ಮೇಲೇರುವಾಗ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸುತ್ತದೆ. ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲಿ ನೀರು ಬಂದು ಸಿಲಿಂಡರಿನಲ್ಲಿ ನಿಂತರೆ, ಅದು ಕುಗ್ಗಲಾರದು. ಆಗ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆಯುತ್ತದೆ. ನಮ್ಮ ಕಾರಿನಲ್ಲಿ ಒಂದು ರಾಡ್ ಬಾಗಿ, ಸಿಲಿಂಡರಿನ ಗೋಡೆ ಬಿರುಕು ಬಿಟ್ಟಿತ್ತು. ಓಡಿದ್ದು ಇನ್ನೂ ಒಂಬತ್ತು ಸಾವಿರ ಕಿಲೋಮೀಟರ್. ಸರ್ವಿಸ್ ಸೆಂಟರಿನವರು ಪೂರ್ಣ ಎಂಜಿನ್ನನ್ನೇ ಬದಲಾಯಿಸಬೇಕೆಂದರು. ಒಟ್ಟು ಅಂದಾಜು 3 ಲಕ್ಷ 70 ಸಾವಿರ. ಅದರಲ್ಲಿ ಎಂಜಿನ್ ಒಂದಕ್ಕೇ 2 ಲಕ್ಷ 40 ಸಾವಿರ.

ಇಲ್ಲಿ ವಿಮೆಯ ಸಂಗತಿಯನ್ನು ಸ್ವಲ್ಪ ವಿವರಿಸಬೇಕು. ಸಾಮಾನ್ಯ ಸಮಗ್ರ ವಿಮೆ ಪ್ರವಾಹದ ಹಾನಿಗೆ ಹಣ ಕೊಡುತ್ತದೆ. ಆದರೆ ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಹೋಗಿ ಆದ ಹಾನಿಯನ್ನು ಅದು ಸಾಧಾರಣವಾಗಿ ಒಪ್ಪುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇರೆ ಇರಬೇಕು. ಪುಣ್ಯಕ್ಕೆ ನಮ್ಮದರಲ್ಲಿ ಅದಿತ್ತು. ಇನ್ನು ರಿಪೇರಿಯ ಖರ್ಚು ವಿಮಾ ಪತ್ರದಲ್ಲಿ ನಮೂದಾದ ಕಾರಿನ ಮೌಲ್ಯದ ಶೇಕಡಾ 75ನ್ನು ಮೀರಿದರೆ ಕಾರು ಪೂರ್ತಿ ನಷ್ಟವಾಯಿತೆಂದು ಲೆಕ್ಕ. ಆಗ ವಿಮಾ ಕಂಪನಿಯೇ ಆ ಮೌಲ್ಯವನ್ನು ಕೊಟ್ಟು ಪ್ರಕರಣ ಮುಗಿಸುತ್ತದೆ. ನಮ್ಮ ಕಾರಿನ ಮೌಲ್ಯ 7 ಲಕ್ಷ 10 ಸಾವಿರ. ಅದರ ಮುಕ್ಕಾಲು ಪಾಲೆಂದರೆ 5 ಲಕ್ಷ 32 ಸಾವಿರದ 500. ನಮ್ಮ ಅಂದಾಜು ಅದಕ್ಕಿಂತ ಬಹಳ ಕಡಿಮೆ. ಅಂದರೆ ಕಾರು ಸತ್ತಿರಲಿಲ್ಲ; ಸಾಯುವಷ್ಟು ಪೆಟ್ಟು ತಿಂದು ಬದುಕಿತ್ತು. ನಿರ್ಧಾರ ನಮ್ಮ ತಲೆಯ ಮೇಲೆ ಬಿತ್ತು.

ನಮ್ಮ ಪಾಲಿಗೆ ಬರುವ ಖರ್ಚೆಷ್ಟು? ಕಡ್ಡಾಯವಾಗಿ ನಾವೇ ಭರಿಸಬೇಕಾದ್ದು 1,000 ರೂಪಾಯಿ. ಆರು ತಿಂಗಳು ದಾಟಿ ವರ್ಷದೊಳಗಿರುವ ಕಾರಿನ ಲೋಹದ ಭಾಗಗಳಿಗೆ ಶೇಕಡಾ 5ರಷ್ಟು ಸವಕಳಿ, ಅಂದರೆ 14,000. ರಬ್ಬರು, ಪ್ಲಾಸ್ಟಿಕ್ಕುಗಳಿಗೆ ಶೇಕಡಾ 50ರಂತೆ 30,000. ಆಯಿಲ್ ಮೊದಲಾದವಕ್ಕೆ 3,000. ಒಟ್ಟು 48,000.

ಮನೆಯಲ್ಲಿ ಮೂರು ದಿಕ್ಕಿನ ಮಾತು ಹುಟ್ಟಿತು. ನನ್ನ ಮಡದಿ, "ಹಬ್ಬದ ಹೊತ್ತಿನಲ್ಲಿ ಕೆಟ್ಟ ಗಾಡಿ. ಇನ್ನು ಅದರಲ್ಲಿ ಕೂತರೆ ನನಗೆ ಎದೆ ಹೊಡ್ಕೊಳ್ಳುತ್ತೆ. ಮಾರಿಬಿಡಿ" ಎಂದಳು. ಹಳೆಯ ಕಾರುಗಳ ವ್ಯಾಪಾರಿಯೊಬ್ಬ, ಇದ್ದ ಸ್ಥಿತಿಯಲ್ಲಿ 2 ಲಕ್ಷ 25 ಸಾವಿರಕ್ಕೂ ರಿಪೇರಿ ಮಾಡಿಸಿದ ಮೇಲೆ 5 ಲಕ್ಷ 25 ಸಾವಿರಕ್ಕೂ ಕೇಳಿದ. ನೀರು ಕಾಣದ ಅಂಥದೇ ಕಾರಾಗಿದ್ದರೆ 7 ಲಕ್ಷದ ಮೇಲೆ ಸಿಗುತ್ತಿತ್ತು. ಮತ್ತೊಬ್ಬ, "ಸಾರ್, ನೀರು ಹೊಕ್ಕಿದ್ದು ಯಾರಿಗೂ ಹೇಳಬೇಡಿ, ಆರೂವರೆಗೆ ನಾನು ದಾಟಿಸ್ತೀನಿ" ಎಂದ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಆ ಮಾತಿಗೆ ಏನು ಉತ್ತರ ಕೊಟ್ಟಿರಬಹುದೆಂದು ನೀವೇ ಊಹಿಸಿ. ತಂಗಿಯ ಮಗನದು ಮೂರನೆಯ ಮಾತು: "ಮಾವ, ನಾನು ಸಾಲ ಮಾಡಿ ನಿಮಗೆ ಹೊಸ ಕಾರು ಕೊಡಿಸ್ತೀನಿ. ಈ ಕಾರನ್ನು ಕೊಟ್ಟುಬಿಡಿ."

ನಾನು ಹಳೆಯ ಅಭ್ಯಾಸದಂತೆ ಕಾಗದದಲ್ಲಿ ಗೆರೆ ಎಳೆದು ಲೆಕ್ಕ ಹಾಕಿದೆ. ರಿಪೇರಿ ಮಾಡಿಸಿ ಇಟ್ಟುಕೊಂಡರೆ 48,000. ರಿಪೇರಿ ಮಾಡಿಸಿ, ಸತ್ಯ ಹೇಳಿ ಮಾರಿ, ಅದೇ ಬಗೆಯ ಹೊಸ ಕಾರು ಕೊಂಡರೆ, ಅಷ್ಟು ಹೊತ್ತಿಗೆ ಬೆಲೆ 8 ಲಕ್ಷ 90 ಸಾವಿರವಾಗಿದ್ದುದರಿಂದ, ಕೈಯಿಂದ ಹೋಗುವುದು 4 ಲಕ್ಷ 13 ಸಾವಿರ. ವ್ಯತ್ಯಾಸ 3 ಲಕ್ಷ 65 ಸಾವಿರ. ಕಾರಿನ ಮೇಲಿನ ಅನುಮಾನವನ್ನು ಕಳೆದುಕೊಳ್ಳುವ ಬೆಲೆ ಅದು. ಕೊಡಲೇಬಾರದೆಂದಲ್ಲ; ಆ ಅನುಮಾನ ಅಷ್ಟು ಬೆಲೆ ಬಾಳುತ್ತದೆಯೇ ಎಂದು ಮೊದಲು ನೋಡಬೇಕಾಗಿತ್ತು.

ಅದಕ್ಕಾಗಿ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆ. ಅವರು ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. "ಮೇಷ್ಟ್ರೇ, ಎಂಜಿನ್ ಹೊಸದು ಬರುತ್ತೆ, ಅದರ ಚಿಂತೆ ಬಿಡಿ. ನೀರು ಒಳಗೆ ಎಲ್ಲಿವರೆಗೆ ಏರಿತ್ತು ಹೇಳಿ" ಎಂದರು. ಕಾರ್ಪೆಟ್ಟಿನಡಿಯಲ್ಲಿ ತಂತಿಗಳ ಜೋಡಣೆಯಿರುತ್ತದೆ. ಏರ್‌ಬ್ಯಾಗನ್ನು ನಿಯಂತ್ರಿಸುವ ಪೆಟ್ಟಿಗೆ ಅನೇಕ ಕಾರುಗಳಲ್ಲಿ ಎರಡು ಮುಂದಿನ ಸೀಟುಗಳ ನಡುವೆ ಕೆಳಗಡೆಯೇ ಇರುತ್ತದೆ. ಅಲ್ಲಿ ನೀರು ನಿಂತರೆ ಆ ದಿನ ಎಲ್ಲವೂ ಸರಿಯಾಗಿ ಕಂಡರೂ, ಕೆಲವು ತಿಂಗಳ ಮೇಲೆ ತಾಮ್ರಕ್ಕೆ ಹಸಿರು ಕಿಲುಬು ಹತ್ತಿ ಒಂದೊಂದೇ ಕೆಡತೊಡಗುತ್ತದೆ. ಡ್ಯಾಷ್‌ಬೋರ್ಡಿನವರೆಗೆ ಮುಳುಗಿದ ಕಾರನ್ನು ಯಾರೂ ಇಟ್ಟುಕೊಳ್ಳಬಾರದು ಎಂಬುದು ಅವರ ಮತ. ನಮ್ಮದರಲ್ಲಿ ನೀರು ಸೀಟಿನ ಮೆತ್ತೆಯನ್ನು ಮುಟ್ಟಿರಲಿಲ್ಲ. ನೆಲದ ಕಾರ್ಪೆಟ್ ಮಾತ್ರ ನೆನೆದಿತ್ತು. ಮುಂದಕ್ಕೆ ಓಡುವಾಗ ಎದ್ದ ಅಲೆಯ ನೀರನ್ನು ಎಂಜಿನ್ ಎಳೆದುಕೊಂಡಿತ್ತು. ಸೀಟುಗಳನ್ನು ಬಿಚ್ಚಿಸಿ, ಕಾರ್ಪೆಟ್ ತೆಗೆಸಿ, ಸಂದೇಹವಿದ್ದ ತಂತಿಗಳನ್ನೂ ಆ ಪೆಟ್ಟಿಗೆಯನ್ನೂ ಬದಲಾಯಿಸುವುದೆಂದು ಅಂದಾಜಿನಲ್ಲೇ ಬರೆಯಿಸಿದೆವು. ಹೊಸ ಭಾಗಗಳಿಗೆ ಎಷ್ಟು ಕಾಲದ ವಾರಂಟಿ ಎಂಬುದನ್ನೂ ಲಿಖಿತವಾಗಿ ಪಡೆದೆವು.

ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ನೀರು ಕಂಡ ಕಾರಿಗೂ ಕಾಣದ ಕಾರಿಗೂ ಇರುವ ಎರಡು ಲಕ್ಷದ ಅಂತರ ಕಾರು ಹೊಸದಾಗಿರುವಾಗಲೇ ಅತಿ ಹೆಚ್ಚು. ಹನ್ನೆರಡು ವರ್ಷ ಓಡಿದ ಮೇಲೆ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಬೆಲೆ. ಎರಡು ವರ್ಷಕ್ಕೊಮ್ಮೆ ಕಾರು ಬದಲಾಯಿಸುವವರು ಆ ನಷ್ಟವನ್ನು ಪೂರ್ತಿಯಾಗಿ ಅನುಭವಿಸಬೇಕು. ನಾವೋ ಕೊನೆಯವರೆಗೂ ಅದೇ ಕಾರೆಂದು ಕೊಂಡವರು. ನಮಗೆ ಆ ನಷ್ಟ ಕಾಗದದ ಮೇಲಿನದು. ನಮ್ಮ ತಂದೆಯವರ ಎತ್ತಿನ ಗಾಡಿಗೆ ನಾನು ಕಂಡಂತೆ ಎರಡು ಬಾರಿ ಅಚ್ಚು ಬದಲಾಗಿತ್ತು. ಗಾಡಿ ಮಾರುವ ಮಾತು ಮನೆಯಲ್ಲಿ ಎಂದೂ ಬರಲಿಲ್ಲ.

ಇಷ್ಟಾದರೂ ಕಾಗದದಲ್ಲಿ ಬರೆಯಲಾಗದ ಒಂದು ಬಾಬ್ತು ಉಳಿದಿತ್ತು. ತಂಗಿಯ ಮಗ ಆ ದಿನದಿಂದ ನನ್ನ ಮುಖ ನೋಡಿ ಮಾತನಾಡುವುದನ್ನು ಬಿಟ್ಟಿದ್ದ. ಕಾರು ಮಾರಿದರೆ ಅವನು ಸಾಲ ಮಾಡಿಯೇ ತೀರುತ್ತಿದ್ದ. ಅವನ ತಲೆಯ ಮೇಲೆ ಆಗಲೇ ಮನೆಯ ಸಾಲವಿತ್ತು. ನಾನು ಹಣ ತೆಗೆದುಕೊಳ್ಳದಿದ್ದರೂ, ಮಾರಿದ ಕಾರು ಅವನ ತಪ್ಪಿಗೆ ಕೊಟ್ಟ ತೀರ್ಪಿನಂತೆ ನಮ್ಮ ನಡುವೆ ಉಳಿಯುತ್ತಿತ್ತು. ಗಂಟೂ ಹೋಯಿತು, ನಂಟೂ ಹೋಯಿತು ಎನ್ನುವ ಗಾದೆ ಇಂಥ ಹೊತ್ತಿಗಾಗಿಯೇ ಹುಟ್ಟಿರಬೇಕು. ಇದನ್ನು ಮಡದಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಇಟ್ಟುಕೊಳ್ಳೋಣ. ಆದರೆ ರಿಪೇರಿಯಾದ ಮೇಲೆ ಅವನೇ ಓಡಿಸಿಕೊಂಡು ತುಮಕೂರಿಗೆ ತರಲಿ. ಮೊದಲು ನಾನು ಅವನ ಪಕ್ಕದಲ್ಲಿ ಕೂರ್ತೀನಿ" ಎಂದಳು. ಎದೆ ಹೊಡೆದುಕೊಳ್ಳುತ್ತದೆ ಎಂದವಳು ಅವಳೇ.

ಗ್ಯಾರೇಜುಗಳೆಲ್ಲ ಮುಳುಗಿದ ಕಾರುಗಳಿಂದ ತುಂಬಿದ್ದವು. ನಮ್ಮ ಸರದಿ ಬಂದು ಕೆಲಸ ಮುಗಿಯುವಾಗ ನವೆಂಬರ್ ಕೊನೆಯಾಗಿತ್ತು. ಎಂಜಿನ್ ಬದಲಾದರೆ ಅದರ ಸಂಖ್ಯೆಯೂ ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು, ವಿಮಾ ಪತ್ರದಲ್ಲಿಯೂ ತಿದ್ದಿಸಬೇಕು. ಇದನ್ನು ಅಲಕ್ಷಿಸಿದರೆ ಮುಂದೆ ಮಾರುವಾಗಲೂ ಪರಿಹಾರ ಕೇಳುವಾಗಲೂ ತೊಡಕು. ಆ ಓಡಾಟವನ್ನೆಲ್ಲ ತಂಗಿಯ ಮಗನೇ ವಹಿಸಿಕೊಂಡ. ಡಿಸೆಂಬರಿನ ಒಂದು ಭಾನುವಾರ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಮಕೂರಿಗೆ ಬಂದ. ದಾರಿಯುದ್ದಕ್ಕೂ ಅವಳು ಅವನಿಗೆ ಮದುವೆಯ ಮಾತು ತೆಗೆದಳಂತೆ. ಎಂಜಿನ್ನಿನ ಸದ್ದನ್ನು ಕೇಳಲು ಇಬ್ಬರಿಗೂ ಪುರಸೊತ್ತಾಗಲಿಲ್ಲ.

ಆದ್ದರಿಂದ, ಮಗೂ, ನಿನ್ನ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಎಂಜಿನ್ ಬದಲಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಕಾರು ಮಾರಬೇಡ. ಕೆಟ್ಟ ಕಾರಿನಲ್ಲಿ ನಂಬಬಹುದಾದ ಭಾಗವೆಂದರೆ ಆ ಹೊಸ ಎಂಜಿನ್ನೇ. ನೀರು ಎಲ್ಲಿಯವರೆಗೆ ಏರಿತ್ತೆಂದು ವಿಚಾರಿಸು. ಡ್ಯಾಷ್‌ಬೋರ್ಡ್ ಮುಳುಗಿದ್ದರೆ, ಎಷ್ಟೇ ಹೊಸದಾಗಿರಲಿ, ನಿಜ ಹೇಳಿ ಮಾರಿಬಿಡು. ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುವವನೆಂದು ನಿನ್ನನ್ನೇ ಕೇಳಿಕೋ. ಇಲ್ಲಿಯವರೆಗೆ ಕೊಟ್ಟ ಹಣವನ್ನು ಲೆಕ್ಕಕ್ಕೆ ಸೇರಿಸಬೇಡ. ಇನ್ನು ಮುಂದೆ ಕೊಡಬೇಕಾದ್ದನ್ನು ಮಾತ್ರ ಸೇರಿಸು. ಕೊನೆಗೆ, ಆ ಕಾರಿನೊಡನೆ ಮನೆಯಲ್ಲಿ ಯಾರ ಮನಸ್ಸು ನೊಂದಿದೆಯೋ ಅವರನ್ನು ಕೂರಿಸಿಕೊಂಡು ಮಾತನಾಡಿ ನಿರ್ಧರಿಸು.

ನಮ್ಮ ಕಾರು ಈಗ ಐವತ್ತು ಸಾವಿರ ಕಿಲೋಮೀಟರ್ ದಾಟಿದೆ. ಹಿಂದಿನ ಕಿಟಕಿಯೊಂದರ ಸ್ವಿಚ್ಚು ಒಮ್ಮೆ ಕೆಟ್ಟಿತ್ತು. 900 ರೂಪಾಯಿಗೆ ಸರಿಹೋಯಿತು. ತುಮಕೂರಿನ ಕಡೆ ಬಂದಾಗ ಮನೆಗೆ ಬನ್ನಿ. ಬಸ್ ನಿಲ್ದಾಣಕ್ಕೆ ಅದರಲ್ಲಿಯೇ ಬಿಟ್ಟು ಬರುತ್ತೇನೆ.